ಅಥೆನ್ಸ್ ಸೋತದ್ದು ಸ್ಪಾರ್ಟಾಕ್ಕೋ, ತನ್ನದೇ ಜನಸಭೆಗೋ?

ಪ್ರಶ್ನೆ: ಶಿರಸಿಯ ಅಕ್ಕೋರು

ನಾನು ಶಿರಸಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ಗ್ರೀಸಿನ ನಗರರಾಜ್ಯಗಳ ಪಾಠ ಮಾಡುವಾಗ, ಪುಸ್ತಕದಲ್ಲಿ ಇಲ್ಲದಿದ್ದರೂ ಮಕ್ಕಳಿಗೆ ಕುತೂಹಲ ಹುಟ್ಟಲೆಂದು ಮೀಲೋಸ್ ದ್ವೀಪದ ಕಥೆಯನ್ನು ಹೇಳಿದೆ. ಅಥೆನ್ಸ್ ಮತ್ತು ಸ್ಪಾರ್ಟಾಗಳ ನಡುವಿನ ದೀರ್ಘ ಜಗಳದಲ್ಲಿ ತಟಸ್ಥವಾಗಿ ಉಳಿಯಬಯಸಿದ್ದ ಆ ಪುಟ್ಟ ದ್ವೀಪವನ್ನು ಕ್ರಿ.ಪೂ. 416ರಲ್ಲಿ ಅಥೆನ್ಸ್ ಮುತ್ತಿತು, ಶರಣಾದ ಮೇಲೆ ಅಲ್ಲಿನ ವಯಸ್ಕ ಗಂಡಸರನ್ನು ಕೊಂದಿತು, ಹೆಂಗಸರನ್ನೂ ಮಕ್ಕಳನ್ನೂ ಗುಲಾಮರನ್ನಾಗಿ ಮಾರಿತು, ಆಮೇಲೆ ತನ್ನ 500 ಮಂದಿಯನ್ನು ಅಲ್ಲಿ ನೆಲೆಗೊಳಿಸಿತು. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಅಕ್ಕೋರೇ, ಕೈ ಎತ್ತಿ ತೀರ್ಮಾನ ಮಾಡುವ ಊರಿನವರಿಗೆ ಅಷ್ಟು ಜನರನ್ನು ಕೊಲ್ಲಲು ಕೈ ಹೇಗೆ ಬಂತು?" ಎಂದು ಕೇಳಿದಳು. ಘಂಟೆ ಹೊಡೆದದ್ದರಿಂದ ನನ್ನ ಮಾನ ಉಳಿಯಿತು.

ಅಥೆನ್ಸಿನ ನಾಯಕ ಕ್ಲೈಸ್ತನೀಸ್ ಕ್ರಿ.ಪೂ. 508ರ ಸುಮಾರಿಗೆ ನಾಗರಿಕರನ್ನು ಹತ್ತು ಬಣಗಳಾಗಿ ವಿಂಗಡಿಸಿ, ಪ್ರತಿ ಬಣದಿಂದ 50 ಮಂದಿಯಂತೆ 500 ಜನರ ಮಂಡಳಿಯನ್ನು ರಚಿಸಿದ್ದು, ಹೆಚ್ಚಿನ ಹುದ್ದೆಗಳನ್ನು ಚೀಟಿ ಎತ್ತಿ ತುಂಬುತ್ತಿದ್ದುದು, ಹೆಂಗಸರು, ಗುಲಾಮರು ಮತ್ತು ಹೊರಗಿನಿಂದ ಬಂದು ನೆಲೆಸಿದವರು ಆ ವ್ಯವಸ್ಥೆಯ ಹೊರಗೇ ಇದ್ದದ್ದು, ಇವೆಲ್ಲ ನನಗೆ ತಿಳಿದಿದೆ. ಆದರೆ ಒಳಗೆ ಇಷ್ಟು ಜಾಗರೂಕತೆಯಿಂದ ಅಧಿಕಾರವನ್ನು ಹಂಚಿಕೊಂಡವರು ಹೊರಗೆ ಇಷ್ಟು ನಿರ್ದಯರಾದದ್ದು ಏಕೆ, ಮತ್ತು ಕ್ರಿ.ಪೂ. 431ರಿಂದ 404ರವರೆಗಿನ ಯುದ್ಧದಲ್ಲಿ ಅವರು ಸೋತದ್ದಕ್ಕೆ ಪ್ರಜಾಪ್ರಭುತ್ವವೇ ಕಾರಣ ಎಂಬ ಮಾತಿನಲ್ಲಿ ಹುರುಳಿದೆಯೇ ಎಂಬುದು ನನ್ನ ಪ್ರಶ್ನೆ. ಬರುವ ಶನಿವಾರ ಇದೇ ವಿಷಯದ ಮೇಲೆ ತರಗತಿಯಲ್ಲಿ ಚರ್ಚೆ ಇಟ್ಟುಕೊಂಡಿದ್ದೇನೆ. ತಿಳಿದವರು ದಯವಿಟ್ಟು ಬರೆಯಬೇಕು.

ಉತ್ತರ: ಕಾಳಿ ಅಳಿವೆ, ಕಾರವಾರ

ಅಕ್ಕೋರೇ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಹುಡುಕಲು ಜನಸಭೆ ಸೇರುತ್ತಿದ್ದ ಪ್ನಿಕ್ಸ್ ಗುಡ್ಡದಿಂದ ಹೊರಡುವುದಕ್ಕಿಂತ ಹಡಗಿನ ಹೊಟ್ಟೆಯಿಂದ ಹೊರಡುವುದು ಲೇಸು ಎಂದು ನನಗೆ ಅನಿಸುತ್ತದೆ. ನಾನು ಮೂವತ್ತು ವರ್ಷ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ಈಗ ಊರಿಗೆ ಮರಳಿದವನು, ಆದ್ದರಿಂದ ಈ ಪಕ್ಷಪಾತವನ್ನು ಕ್ಷಮಿಸಬೇಕು.

ಕ್ರಿ.ಪೂ. 483ರಲ್ಲಿ ಅಥೆನ್ಸಿನ ದಕ್ಷಿಣಕ್ಕಿರುವ ಲಾರಿಯನ್ ಗಣಿಗಳಲ್ಲಿ ಬೆಳ್ಳಿಯ ಹೊಸ ಸೆಲೆ ಸಿಕ್ಕಿತು. ಅದನ್ನು ನಾಗರಿಕರೆಲ್ಲ ತಲೆಗಿಷ್ಟು ಎಂದು ಹಂಚಿಕೊಳ್ಳುವ ಆಲೋಚನೆಯಲ್ಲಿದ್ದಾಗ ಥೆಮಿಸ್ಟೊಕ್ಲಿಸ್ ಎಂಬಾತ ಸಭೆಯನ್ನು ಒಪ್ಪಿಸಿ ಆ ಹಣದಲ್ಲಿ ಯುದ್ಧನೌಕೆಗಳನ್ನು ಕಟ್ಟಿಸಿದ. ಮೂರು ವರ್ಷಗಳ ನಂತರ ಸಲಾಮಿಸ್‌ನ ಇಕ್ಕಟ್ಟಾದ ಜಲಸಂಧಿಯಲ್ಲಿ ಪರ್ಷಿಯದ ನೌಕಾಬಲವನ್ನು ಮುರಿದದ್ದು ಆ ನೌಕೆಗಳೇ. ಗ್ರೀಕರು ತ್ರಿಯರೀಸ್ ಎಂದು ಕರೆಯುತ್ತಿದ್ದ ಆ ನೌಕೆಯಲ್ಲಿ ಮೂರು ಅಂತಸ್ತಿನಲ್ಲಿ 170 ಮಂದಿ ಕುಳಿತು, ಒಬ್ಬೊಬ್ಬರು ಒಂದೊಂದು ಹುಟ್ಟನ್ನು ಎಳೆಯುತ್ತಿದ್ದರು. ಮೇಲಿನ ಸಾಲಿನಲ್ಲಿ 62, ನಡುವೆ 54, ಕೆಳಗೆ 54. ಕೆಳಗಿನ ಸಾಲಿನವನಿಗೆ ಸಮುದ್ರ ಕಾಣುತ್ತಿರಲಿಲ್ಲ, ಮೇಲಿನವರ ಬೆವರು ಮಾತ್ರ ತಲೆಯ ಮೇಲೆ ಹನಿಯುತ್ತಿತ್ತು. ನಾವಿಕರು, ಕಾವಲಿನ ಸೈನಿಕರು, ತಾಳ ಹಿಡಿಯಲು ಕೊಳಲು ಊದುವವನು, ಇವರೆಲ್ಲ ಸೇರಿದರೆ ಒಂದು ನೌಕೆಗೆ 200 ಜನ.

ಗಮನಿಸಬೇಕಾದದ್ದು ಹುಟ್ಟು ಎಳೆಯುತ್ತಿದ್ದವರು ಯಾರು ಎಂಬುದನ್ನು. ಸಿನಿಮಾಗಳಲ್ಲಿ ತೋರಿಸುವಂತೆ ಸರಪಳಿ ಬಿಗಿದ ಗುಲಾಮರಲ್ಲ. ಕೂಲಿಗೆ ಬಂದ ಹೊರನಾಡಿನವರು ಇದ್ದರು, ಕೆಲವು ಸಲ ಗುಲಾಮರೂ ಇದ್ದರು. ಆದರೆ ಆ ಬಲದ ತಿರುಳು ಅಥೆನ್ಸಿನ ಬಡ ನಾಗರಿಕರು. ಕಂಚಿನ ಕವಚ ಕೊಳ್ಳಲು ಹಣವಿಲ್ಲದೆ ಭೂಸೈನ್ಯದ ಸಾಲಿಗೆ ಸೇರಲಾಗದವನು ತನ್ನ ತೋಳಿನ ಬಲವೊಂದರಿಂದಲೇ ಇಲ್ಲಿ ಊರಿಗೆ ಅನಿವಾರ್ಯನಾದ. ನಮ್ಮ ಕಡಲತೀರದಲ್ಲಿ ರಂಪಣಿ ಬಲೆ ಎಳೆಯುವುದನ್ನು ಚಿಕ್ಕಂದಿನಲ್ಲಿ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಹತ್ತಾರು ಜನ ಎರಡೂ ಕಡೆ ಹಗ್ಗ ಹಿಡಿದು ಒಂದೇ ಉಸಿರಿನಲ್ಲಿ ಎಳೆದರೆ ಮಾತ್ರ ಬಲೆ ದಡಕ್ಕೆ ಬರುತ್ತದೆ, ಮತ್ತು ಹಗ್ಗಕ್ಕೆ ಕೈ ಹಚ್ಚಿದ ಯಾರಿಗೂ ಪಾಲು ಇಲ್ಲ ಎನ್ನಲು ಬರುವುದಿಲ್ಲ. ಅಥೆನ್ಸಿನಲ್ಲಿ ಬಡವರ ಮಾತಿಗೆ ಬೆಲೆ ಬಂದದ್ದು ಹಾಗೆ. ತತ್ವಜ್ಞಾನಿಗಳು ಬೋಧಿಸಿದ್ದರಿಂದ ಅಲ್ಲ. ಅವರಲ್ಲಿ ಹೆಚ್ಚಿನವರಿಗೆ ಈ ವ್ಯವಸ್ಥೆ ಕಂಡರೇ ಆಗುತ್ತಿರಲಿಲ್ಲ.

ಈಗ ಖರ್ಚಿನ ಲೆಕ್ಕ ನೋಡಿ. ಹುಟ್ಟು ಎಳೆಯುವವನಿಗೆ ದಿನಕ್ಕೆ ಒಂದು ದ್ರಾಕ್ಮಾ ಎಂದು ಹಿಡಿದರೆ, 200 ಜನರಿಗೆ ತಿಂಗಳಿಗೆ 6,000 ದ್ರಾಕ್ಮಾ ಆಗುತ್ತದೆ. 6,000 ದ್ರಾಕ್ಮಾ ಎಂದರೆ ಸರಿಯಾಗಿ ಒಂದು ಟ್ಯಾಲೆಂಟ್, ಸುಮಾರು 26 ಕಿಲೋ ಬೆಳ್ಳಿ. ಒಂದು ನೌಕೆಯ ಒಂದು ತಿಂಗಳಿಗೇ ಇಷ್ಟು ಬೇಕಾದರೆ ನೂರು ನೌಕೆಗಳನ್ನು ಇಡೀ ಬೇಸಿಗೆ ನೀರಿನ ಮೇಲೆ ಇಡುವ ಹಣ ಎಲ್ಲಿಂದ ಬರಬೇಕು? ಅದು ಮಿತ್ರರಾಜ್ಯಗಳ ಕಪ್ಪದಿಂದ ಬಂತು. ಪರ್ಷಿಯದ ವಿರುದ್ಧ ಒಟ್ಟಾಗಿ ಹೋರಾಡಲೆಂದು ಕ್ರಿ.ಪೂ. 478-477ರಲ್ಲಿ ಡೀಲೋಸ್ ದ್ವೀಪದಲ್ಲಿ ಕೂಟ ಕಟ್ಟಿದಾಗ ಮೊದಲ ವಂತಿಗೆ 460 ಟ್ಯಾಲೆಂಟ್ ಎಂದು ಈ ಯುದ್ಧದ ಇತಿಹಾಸ ಬರೆದ ಥುಸಿಡಿಡೀಸ್ ಹೇಳುತ್ತಾನೆ. ಕೆಲವು ಊರುಗಳು ನೌಕೆ ಕೊಡುತ್ತಿದ್ದವು, ಹೆಚ್ಚಿನವು ಕ್ರಮೇಣ ಹಣ ಕೊಟ್ಟು ಕೈತೊಳೆದುಕೊಂಡವು; ಆ ಹಣದಲ್ಲಿ ಅಥೆನ್ಸ್ ತನ್ನ ನೌಕೆ ಕಟ್ಟಿತು, ತನ್ನವರಿಗೆ ಸಂಬಳ ಕೊಟ್ಟಿತು. ಬಿಟ್ಟು ಹೋಗುತ್ತೇವೆ ಎಂದ ನಾಕ್ಸೋಸ್ ಮತ್ತು ಥಾಸೋಸ್‌ಗಳನ್ನು ಅದೇ ನೌಕೆಗಳು ಹೋಗಿ ಬಗ್ಗಿಸಿದವು. ಕ್ರಿ.ಪೂ. 454ರಲ್ಲಿ ಕೂಟದ ಖಜಾನೆಯೇ ಡೀಲೋಸ್‌ನಿಂದ ಅಥೆನ್ಸಿಗೆ ಬಂತು.

ಬಡವನ ಮತವೂ ಮಿತ್ರರ ಕಪ್ಪವೂ ಒಂದೇ ಹುಟ್ಟಿನ ಎರಡು ತುದಿಗಳು. ಹಾಗಿರುವಾಗ "ಪ್ರಜಾಪ್ರಭುತ್ವವಾಗಿದ್ದರೂ ಸಾಮ್ರಾಜ್ಯ ಕಟ್ಟಿತು" ಎಂಬ ವಾಕ್ಯದಲ್ಲಿನ "ಆಗಿದ್ದರೂ" ಎಂಬ ಪದವೇ ನನಗೆ ಸರಿಕಾಣುವುದಿಲ್ಲ.

ಉತ್ತರ: ತೋಟದ ಮನೆ, ಸಿದ್ದಾಪುರ

ಕಾರವಾರದವರು ಬರೆದದ್ದು ಬಹುಮಟ್ಟಿಗೆ ಸರಿಯಿದೆ, ಆದರೆ ಅದನ್ನಷ್ಟೇ ಓದಿದವರಿಗೆ ಜಗಳವೆಲ್ಲ ಅಥೆನ್ಸಿನದೇ ಎಂದು ತೋರಬಹುದು. ಸ್ಪಾರ್ಟಾದ ಕಡೆಗೂ ಒಮ್ಮೆ ನೋಡಬೇಕು.

ಗ್ರೀಸಿನ ನೆಲವೇ ಗುಡ್ಡ ಮತ್ತು ಕಣಿವೆಗಳಾಗಿ ಹರಿದು ಹಂಚಿಹೋದದ್ದು. ನಮ್ಮ ಘಟ್ಟದಲ್ಲಿ ಒಂದು ಹಳ್ಳದ ಆಚೆಯವರು ಈಚೆಯವರ ಮಾತಿನ ರಾಗವನ್ನು ಹಾಸ್ಯ ಮಾಡುವಂತೆ ಅಲ್ಲಿಯೂ ಒಂದೇ ಭಾಷೆ, ಒಂದೇ ದೇವರುಗಳು, ಒಲಿಂಪಿಯಾದ ಒಂದೇ ಕ್ರೀಡಾಜಾತ್ರೆ ಇದ್ದರೂ ಕಣಿವೆಗೊಂದು ರಾಜ್ಯ, ರಾಜ್ಯಕ್ಕೊಂದು ಕಾನೂನು, ಮತ್ತು ಪಕ್ಕದವನ ಮೇಲೆ ಒಂದು ಹಳೆಯ ಹಗೆ. ಹದಿನಾರನೆಯ ಶತಮಾನದಲ್ಲಿ ನಮ್ಮ ಗೇರುಸೊಪ್ಪೆ, ಬಿಳಗಿ, ಸೋದೆ ಮತ್ತು ಕೆಳದಿಗಳು ಒಂದರ ಪಕ್ಕ ಒಂದಿದ್ದು, ಕರಿಮೆಣಸಿನ ವ್ಯಾಪಾರಕ್ಕಾಗಿ ಹೊನ್ನಾವರದಲ್ಲಿ ಪೋರ್ಚುಗೀಸರು ಕಾದು ಕುಳಿತದ್ದನ್ನು ನೆನೆದರೆ ಸಣ್ಣ ರಾಜ್ಯಗಳ ಪೈಪೋಟಿಯ ನಡುವೆ ಹೊರಗಿನ ದೊಡ್ಡವನೊಬ್ಬನಿಗೆ ಹೇಗೆ ಜಾಗ ಸಿಗುತ್ತದೆ ಎಂಬುದು ನಮಗೆ ಹೊಸದೇನಲ್ಲ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದಿಲ್ಲ, ಏಕೆಂದರೆ ನಮ್ಮವು ರಾಜ ರಾಣಿಯರ ರಾಜ್ಯಗಳು.

ಸ್ಪಾರ್ಟಾದಲ್ಲಿ ಇಬ್ಬರು ರಾಜರು, ವರ್ಷಕ್ಕೊಮ್ಮೆ ಆಯ್ಕೆಯಾಗುವ ಎಫೋರ್‌ಗಳೆಂಬ ಐವರು ಅಧಿಕಾರಿಗಳು, ಅರವತ್ತು ದಾಟಿದ 28 ಹಿರಿಯರು ಮತ್ತು ಆ ಇಬ್ಬರು ರಾಜರು ಸೇರಿದ ಮಂಡಳಿ, ಇವುಗಳ ಜೊತೆಗೆ ಒಂದು ಜನಸಭೆಯೂ ಇತ್ತು. ಆ ಸಭೆಯಲ್ಲಿ ಕೈ ಎತ್ತುತ್ತಿರಲಿಲ್ಲ, ಕೂಗುತ್ತಿದ್ದರು. ಯಾವ ಕೂಗು ಜೋರೋ ಅದೇ ನಿರ್ಣಯ. ಆದರೆ ಈ ಇಡೀ ಕಟ್ಟಡ ನಿಂತದ್ದು ಹೆಲಟ್‌ಗಳ ಬೆನ್ನ ಮೇಲೆ. ಪಕ್ಕದ ಮೆಸ್ಸೀನಿಯಾವನ್ನು ಗೆದ್ದು, ಅಲ್ಲಿನ ಜನರನ್ನೇ ಜೀತಗಾರರನ್ನಾಗಿ ಮಾಡಿ, ಅವರು ಬೆಳೆದದ್ದನ್ನು ತಿಂದು ಸ್ಪಾರ್ಟಾದ ಗಂಡಸರು ಹಗಲಿರುಳು ಕವಾಯತು ಮಾಡುತ್ತಿದ್ದರು. ಕ್ರಿ.ಪೂ. 479ರ ಪ್ಲಾಟಿಯಾ ಕಾಳಗದಲ್ಲಿ 5,000 ಸ್ಪಾರ್ಟನ್ನರ ಜೊತೆ ಒಬ್ಬೊಬ್ಬನಿಗೆ ಏಳರಂತೆ 35,000 ಹೆಲಟ್‌ಗಳಿದ್ದರು ಎಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಈ ಪ್ರಮಾಣವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅವರಿಗೆ ರಾತ್ರಿ ನಿದ್ದೆ ಏಕೆ ಬರುತ್ತಿರಲಿಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. ಎಫೋರ್‌ಗಳು ಅಧಿಕಾರಕ್ಕೆ ಬಂದೊಡನೆ ಪ್ರತಿವರ್ಷವೂ ಹೆಲಟ್‌ಗಳ ಮೇಲೆ ವಿಧಿವತ್ತಾಗಿ ಯುದ್ಧ ಸಾರುತ್ತಿದ್ದರು. ಹಾಗೆ ಸಾರಿದ ಮೇಲೆ ಅವರಲ್ಲಿ ಯಾರನ್ನು ಕೊಂದರೂ ದೋಷ ತಟ್ಟುತ್ತಿರಲಿಲ್ಲ.

ಥುಸಿಡಿಡೀಸ್ ಹೇಳುವ ಒಂದು ಘಟನೆಯನ್ನು ಮಕ್ಕಳಿಗೆ ಹೇಳಬೇಕೋ ಬೇಡವೋ ನೀವೇ ನಿರ್ಧರಿಸಿ. ಯುದ್ಧದಲ್ಲಿ ತಮಗೆ ಅತಿ ಹೆಚ್ಚು ನೆರವಾದೆವು ಎನ್ನುವ ಹೆಲಟ್‌ಗಳು ಮುಂದೆ ಬರಲಿ, ಅವರಿಗೆ ಬಿಡುಗಡೆ ಕೊಡುತ್ತೇವೆ ಎಂದು ಸ್ಪಾರ್ಟಾ ಸಾರಿತು. ಸುಮಾರು 2,000 ಮಂದಿ ಆಯ್ಕೆಯಾದರು. ತಲೆಗೆ ಮಾಲೆ ಸುತ್ತಿಕೊಂಡು, ಸಂತೋಷದಿಂದ ಗುಡಿಗಳಿಗೆ ಪ್ರದಕ್ಷಿಣೆ ಬಂದರು. ಆಮೇಲೆ ಅವರು ಕಾಣೆಯಾದರು. ಒಬ್ಬೊಬ್ಬನೂ ಹೇಗೆ ಸತ್ತ ಎಂಬುದು ಯಾರಿಗೂ ತಿಳಿಯಲಿಲ್ಲ. ಮುಂದೆ ಬರುವ ಧೈರ್ಯ ಯಾರಿಗಿದೆಯೋ ಅವರೇ ನಾಳೆ ದಂಗೆ ಏಳುವವರು ಎಂಬುದು ಲೆಕ್ಕಾಚಾರ.

ಇಂಥ ಭಯವನ್ನು ಮನೆಯೊಳಗೆ ಇಟ್ಟುಕೊಂಡ ರಾಜ್ಯ ಅಥೆನ್ಸಿನ ಬೆಳವಣಿಗೆಯನ್ನು ನೋಡುತ್ತ ಸುಮ್ಮನಿರಲು ಸಾಧ್ಯವಿರಲಿಲ್ಲ. ಕ್ರಿ.ಪೂ. 464ರ ಭೂಕಂಪದ ನಂತರ ಹೆಲಟ್‌ಗಳು ದಂಗೆ ಎದ್ದಾಗ ಸ್ಪಾರ್ಟಾವೇ ಅಥೆನ್ಸಿನಿಂದ ಸಹಾಯ ಕೇಳಿತು, ಅಥೆನ್ಸಿನ ಸೇನಾಧಿಪತಿ ಕಿಮೋನ್ ಸೈನ್ಯದೊಡನೆ ಬಂದ. ಬಂದವರು ದಂಗೆಕೋರರ ಜೊತೆ ಸೇರಿಬಿಟ್ಟರೆ ಎಂಬ ಅನುಮಾನದಿಂದ ಅವರೊಬ್ಬರನ್ನು ಮಾತ್ರ "ನೀವು ಬೇಡ" ಎಂದು ಹಿಂದೆ ಕಳಿಸಿತು. ಕರೆದು ಬಾಗಿಲಿನಿಂದ ಹಿಂದೆ ಕಳಿಸಿದ ಅವಮಾನವನ್ನು ಯಾರು ಮರೆಯುತ್ತಾರೆ? ಕೊರ್ಸೈರಾ ದ್ವೀಪಕ್ಕಾಗಿ ಕೊರಿಂತ್‌ನೊಡನೆ ತಿಕ್ಕಾಟ, ಪೊಟಿಡಿಯಾದ ಮುತ್ತಿಗೆ, ಮೆಗಾರಾದ ವರ್ತಕರಿಗೆ ಅಥೆನ್ಸಿನ ಕೂಟದ ಬಂದರುಗಳನ್ನೆಲ್ಲ ಮುಚ್ಚಿದ್ದು, ಇವೆಲ್ಲ ಯುದ್ಧದ ಹತ್ತಿರದ ನೆಪಗಳು. ಅವುಗಳ ಕೆಳಗೆ ಇದ್ದದ್ದು ಅಥೆನ್ಸಿನ ಬಲ ಮತ್ತು ಅದು ಸ್ಪಾರ್ಟಾದಲ್ಲಿ ಹುಟ್ಟಿಸಿದ ಅಂಜಿಕೆ ಎಂದು ಥುಸಿಡಿಡೀಸ್ ಅಂದೇ ಹೇಳಿಟ್ಟಿದ್ದಾನೆ.

ಇನ್ನೊಂದು ಮಾತು. ಮೀಲೋಸ್ ಒಂದನ್ನೇ ಹೇಳಿದರೆ ಸ್ಪಾರ್ಟಾಕ್ಕೆ ಪುಕ್ಕಟೆ ಪುಣ್ಯ ಸಿಕ್ಕಂತಾಗುತ್ತದೆ. ಕ್ರಿ.ಪೂ. 427ರಲ್ಲಿ ಪ್ಲಾಟಿಯಾ ಶರಣಾದಾಗ ಸ್ಪಾರ್ಟಾದ ನ್ಯಾಯಾಧೀಶರು ಪ್ರತಿಯೊಬ್ಬನಿಗೂ "ಈ ಯುದ್ಧದಲ್ಲಿ ನಮಗೆ ಏನಾದರೂ ಉಪಕಾರ ಮಾಡಿದ್ದೀಯಾ?" ಎಂಬ ಒಂದೇ ಪ್ರಶ್ನೆ ಹಾಕಿ, ಇಲ್ಲ ಎಂದ 200ಕ್ಕೂ ಹೆಚ್ಚು ಪ್ಲಾಟಿಯನ್ನರನ್ನೂ ಅವರೊಡನಿದ್ದ 25 ಅಥೆನ್ಸಿನವರನ್ನೂ ಕೊಂದರು. ಆದ್ದರಿಂದ ನಿರ್ದಯತೆಯನ್ನು ಪ್ರಜಾಪ್ರಭುತ್ವದ ಖಾತೆಗೆ ಮಾತ್ರ ಬರೆಯಲಾಗದು.

ಉತ್ತರ: ಕುಮಟೆಯ ವಕೀಲ

ಅಕ್ಕೋರು ಕೇಳಿದ ಎರಡನೆಯ ಪ್ರಶ್ನೆ, ಅಂದರೆ ಸೋಲಿಗೆ ಜನಸಭೆಯೇ ಕಾರಣವೇ ಎಂಬುದು, ಹಾಗೆಯೇ ಉಳಿದಿದೆ. ನಾಲ್ಕು ದಶಕ ನ್ಯಾಯಾಲಯದಲ್ಲಿ ವಾದ ಕೇಳಿದ ನನಗೆ ಆ ಸಭೆಯ ಮೂರು ತೀರ್ಮಾನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಚಟವಿದೆ.

ಮೊದಲನೆಯದು ಮೈಟಿಲೀನ್. ಲೆಸ್ಬೋಸ್ ದ್ವೀಪದ ಈ ಊರು ಕ್ರಿ.ಪೂ. 428ರಲ್ಲಿ ಕೂಟದಿಂದ ಸಿಡಿದು, ಮರುವರ್ಷ ಶರಣಾಯಿತು. ಸಿಟ್ಟಿನಿಂದ ಕುದಿಯುತ್ತಿದ್ದ ಜನಸಭೆ ಅಲ್ಲಿನ ವಯಸ್ಕ ಗಂಡಸರನ್ನೆಲ್ಲ ಕೊಲ್ಲಬೇಕು, ಉಳಿದವರನ್ನು ಮಾರಬೇಕು ಎಂದು ತೀರ್ಮಾನಿಸಿ, ಅಲ್ಲಿದ್ದ ಸೇನಾಧಿಪತಿ ಪಾಕೀಸ್‌ಗೆ ಆಜ್ಞೆ ಒಯ್ಯಲು ಒಂದು ನೌಕೆಯನ್ನು ಅಂದೇ ಕಳಿಸಿತು. ರಾತ್ರಿ ಕಳೆಯಿತು. ಬೆಳಗಾಗುವಷ್ಟರಲ್ಲಿ ಜನರಿಗೆ ತಾವು ಮಾಡಿದ್ದು ಅತಿಯಾಯಿತು ಎನಿಸಿತು, ಮತ್ತೆ ಸಭೆ ಸೇರಿತು. ಜನರ ಮೇಲೆ ಹಿಡಿತವಿದ್ದ ಭಾಷಣಕಾರ ಕ್ಲಿಯಾನ್ ಎದ್ದು, ದಿನಕ್ಕೊಂದು ಮನಸ್ಸು ಮಾಡುವ ನಿಮ್ಮಂಥವರಿಗೆ ಸಾಮ್ರಾಜ್ಯ ಆಳಲು ಬರುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದ. ಅವನಿಗೆ ಉತ್ತರ ಕೊಟ್ಟ ಡಯೊಡೊಟಸ್ ಕರುಣೆಯ ಮಾತನ್ನೇ ಎತ್ತಲಿಲ್ಲ ಎಂಬುದು ವಕೀಲನಾದ ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಎಲ್ಲರನ್ನೂ ಕೊಂದರೆ ಮುಂದೆ ದಂಗೆ ಎದ್ದ ಯಾವ ಊರೂ ಶರಣಾಗುವುದಿಲ್ಲ, ಕೊನೆಯ ತುತ್ತಿನವರೆಗೆ ಹೋರಾಡುತ್ತದೆ, ಹಾಳೂರಿನಿಂದ ನಿಮಗೆ ಕಪ್ಪ ಬರುವುದಿಲ್ಲ ಎಂದು ಅವನು ಲಾಭನಷ್ಟದ ವಾದವನ್ನೇ ಹೂಡಿದ. ಸಿಟ್ಟಿನಲ್ಲಿರುವ ಪೀಠದ ಮುಂದೆ ಕಣ್ಣೀರು ಸುರಿಸುವುದಕ್ಕಿಂತ ಅದೇ ಮೇಲು. ಕೈಗಳು ಎದ್ದಾಗ ಎರಡೂ ಕಡೆ ಹೆಚ್ಚುಕಡಿಮೆ ಸಮವಾಗಿದ್ದವು, ಡಯೊಡೊಟಸ್ ಕೂದಲೆಳೆಯಲ್ಲಿ ಗೆದ್ದ.

ಎರಡನೆಯ ನೌಕೆ ಹೊರಟಿತು. ಮೊದಲನೆಯದು ಒಂದು ಹಗಲು ಒಂದು ರಾತ್ರಿಯಷ್ಟು ಮುಂದಿತ್ತು. ಅಥೆನ್ಸಿನಲ್ಲಿದ್ದ ಮೈಟಿಲೀನಿನ ರಾಯಭಾರಿಗಳು ನೌಕೆಗೆ ದ್ರಾಕ್ಷಾರಸ ಮತ್ತು ಜವೆಹಿಟ್ಟು ತುಂಬಿಸಿ, ಮೊದಲು ಮುಟ್ಟಿದರೆ ದೊಡ್ಡ ಬಹುಮಾನ ಎಂದು ಮಾತು ಕೊಟ್ಟರು. ಸಾಮಾನ್ಯವಾಗಿ ಇಂಥ ನೌಕೆಗಳು ಊಟಕ್ಕೂ ರಾತ್ರಿಯ ನಿದ್ದೆಗೂ ದಡಕ್ಕೆ ಹಚ್ಚುತ್ತಿದ್ದವು. ಇವರು ದ್ರಾಕ್ಷಾರಸ ಮತ್ತು ಎಣ್ಣೆಯಲ್ಲಿ ಕಲಸಿದ ಹಿಟ್ಟನ್ನು ಹುಟ್ಟು ಎಳೆಯುತ್ತಲೇ ತಿಂದರು, ಸರದಿಯ ಮೇಲೆ ಮಲಗಿದರು. ಎದುರು ಗಾಳಿಯೂ ಬೀಸಲಿಲ್ಲ. ಮೊದಲ ನೌಕೆ ಮುಟ್ಟಿ, ಪಾಕೀಸ್ ಆಜ್ಞೆಯನ್ನು ಓದಿ, ಇನ್ನೇನು ಜಾರಿಗೆ ತರಬೇಕು ಎನ್ನುವಾಗ ಇವರು ಬಂದರಿಗೆ ಬಂದರು. ಊರು ಉಳಿಯಿತು. ಆದರೂ ದಂಗೆಯ ಮುಖಂಡರೆಂದು ಹಿಡಿದ ಸಾವಿರಕ್ಕೂ ಹೆಚ್ಚು ಮಂದಿಯನ್ನು ಕ್ಲಿಯಾನ್‌ನ ಸೂಚನೆಯಂತೆ ಕೊಂದರು, ಕೋಟೆ ಕೆಡವಿದರು, ಜಮೀನನ್ನು 3,000 ತುಂಡು ಮಾಡಿ ಹೆಚ್ಚಿನದನ್ನು ತಮ್ಮವರಿಗೆ ಹಂಚಿದರು. ಉಳುವವರು ಮಾತ್ರ ಹಳಬರೇ, ಗೇಣಿ ಅಥೆನ್ಸಿಗೆ. ಉಳುವವನೇ ಹೊಲದೊಡೆಯ ಎಂಬ ಕಾನೂನು ಬರುವ ಮುಂಚಿನ ಗೇಣಿ ಖಟ್ಲೆಗಳನ್ನು ಹಿರಿಯ ವಕೀಲರ ಬಾಯಲ್ಲಿ ಕೇಳಿದ ನಮಗೆ ಆ ವ್ಯವಸ್ಥೆಯ ಬಿಸಿ ಗೊತ್ತು.

ಎರಡನೆಯದು ಸಿಸಿಲಿ, ಕ್ರಿ.ಪೂ. 415. ಆ ದ್ವೀಪ ಎಷ್ಟು ದೊಡ್ಡದು ಎಂಬುದೇ ಸಭೆಯಲ್ಲಿದ್ದ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಅಲ್ಲಿಗೆ ದಂಡೆತ್ತಿ ಹೋಗಲು 60 ನೌಕೆಗಳನ್ನು ಕಳಿಸುವ ಮಾತಿತ್ತು. ದಂಡಯಾತ್ರೆಯನ್ನು ಹೇಗಾದರೂ ತಪ್ಪಿಸಬೇಕೆಂದು ಸೇನಾಧಿಪತಿ ನಿಸಿಯಾಸ್ ಇಷ್ಟು ಸಾಲದು, ಇನ್ನೂ ಎಷ್ಟೋ ಬೇಕು ಎಂದು ಹೆದರಿಸುವ ಪಟ್ಟಿ ಓದಿದ. ಜನ ಹೆದರುವ ಬದಲು ಹುರುಪಿನಿಂದ ಅದಷ್ಟಕ್ಕೂ ಒಪ್ಪಿಗೆ ಕೊಟ್ಟುಬಿಟ್ಟರು. ಮನಸ್ಸಿನಲ್ಲಿ ಬೇಡವೆಂದಿದ್ದವರೂ ದೇಶದ್ರೋಹಿಯೆಂಬ ಹೆಸರು ಬಂದೀತೆಂದು ಕೈ ಕೆಳಗಿಟ್ಟುಕೊಂಡು ಸುಮ್ಮನೆ ಕುಳಿತರು ಎಂದು ಥುಸಿಡಿಡೀಸ್ ಬರೆಯುತ್ತಾನೆ. ಯಾವ ಸೊಸೈಟಿಯ ವಾರ್ಷಿಕ ಸಭೆಯಲ್ಲಾದರೂ "ಸರ್ವಾನುಮತದಿಂದ" ಎಂದು ಬರೆಯುವ ಗಳಿಗೆಯಲ್ಲಿ ಸಭಿಕರ ಮುಖಗಳನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಹೊರಟದ್ದು 134 ನೌಕೆಗಳು. ಎದುರಾಳಿಯಾದ ಸಿಸಿಲಿಯ ನಗರ ಸಿರಾಕ್ಯೂಸ್ ಕೂಡ ಆಗ ಪ್ರಜಾಪ್ರಭುತ್ವವೇ ಆಗಿತ್ತು, ಮತ್ತು ಬಹುಶಃ ಅದಕ್ಕೇ ಅದು ಅಥೆನ್ಸಿನಷ್ಟೇ ಚುರುಕಾಗಿ ಹೋರಾಡಿತು. ಎರಡು ವರ್ಷಗಳ ನಂತರ, ಹಿಮ್ಮೆಟ್ಟಬೇಕಾದ ರಾತ್ರಿಯೇ ಚಂದ್ರಗ್ರಹಣವಾಯಿತೆಂದು ಜ್ಯೋತಿಷಿಗಳ ಮಾತು ನಂಬಿ ನಿಸಿಯಾಸ್ 27 ದಿನ ಕಳೆಯುವವರೆಗೆ ಹೊರಡುವ ಮಾತೇ ಬೇಡ ಎಂದು ಪಟ್ಟು ಹಿಡಿದ. ಸೆರೆಸಿಕ್ಕ 7,000 ಮಂದಿಯನ್ನು ಕಲ್ಲಿನ ಗಣಿಗಳಿಗೆ ತಳ್ಳಿದರು. ನಮ್ಮ ಕಡೆಯ ಚಿರೇಕಲ್ಲು ತೆಗೆದ ಹೊಂಡವನ್ನು ಹತ್ತು ಪಟ್ಟು ಆಳ ಮಾಡಿ ಊಹಿಸಿಕೊಳ್ಳಿ: ಹಗಲು ನೆತ್ತಿ ಸುಡುವ ಬಿಸಿಲು, ರಾತ್ರಿ ಚಳಿ, ಸತ್ತವರ ಪಕ್ಕದಲ್ಲೇ ಬದುಕಿದವರು, ದಿನಕ್ಕೆ ಒಂದು ಲೋಟದಷ್ಟು ನೀರು.

ಮೂರನೆಯದು ಕ್ರಿ.ಪೂ. 406ರ ಆರ್ಗಿನೂಸೀ ನೌಕಾಯುದ್ಧದ ನಂತರದ್ದು. ಅಲ್ಲಿ ಅಥೆನ್ಸ್ ಗೆದ್ದಿತ್ತು, ಆದರೆ ಬಿರುಗಾಳಿಯಿಂದಾಗಿ ಮುಳುಗುತ್ತಿದ್ದ ತನ್ನ ನಾವಿಕರನ್ನು ಎತ್ತಿಕೊಳ್ಳಲಾಗಲಿಲ್ಲ. ಎಂಟು ಸೇನಾಧಿಪತಿಗಳ ಮೇಲೆ ಪ್ರತ್ಯೇಕ ವಿಚಾರಣೆ ನಡೆಸದೆ ಒಂದೇ ಮತದಲ್ಲಿ ಮರಣದಂಡನೆ ವಿಧಿಸಿ, ಊರಿಗೆ ಮರಳಿದ್ದ ಆರು ಮಂದಿಯನ್ನು ಕೊಂದರು. ಅಥೆನ್ಸಿನ ಹೆಸರಾಂತ ನಾಯಕ ಪೆರಿಕ್ಲಿಸ್‌ನ ಮಗನೂ ಅವರಲ್ಲೊಬ್ಬ. ಅಂದು ಸಭೆ ನಡೆಸುವ ಸರದಿಯಲ್ಲಿದ್ದ ಸಾಕ್ರಟೀಸ್ ಇದು ಕಾನೂನಿಗೆ ವಿರುದ್ಧ ಎಂದು ಹಟ ಹಿಡಿದ, ಯಾರೂ ಕೇಳಲಿಲ್ಲ. ಆಮೇಲೆ ಜನ ಪಶ್ಚಾತ್ತಾಪಪಟ್ಟು, ತಮ್ಮನ್ನು ಹುರಿದುಂಬಿಸಿದವರ ಮೇಲೆಯೇ ಮೊಕದ್ದಮೆ ಹೂಡಿದರು.

ನನ್ನ ಅಭಿಪ್ರಾಯದಲ್ಲಿ ಈ ಸಭೆಯ ರೋಗ ತಪ್ಪು ತೀರ್ಮಾನ ಮಾಡುವುದಾಗಿರಲಿಲ್ಲ, ಏಕೆಂದರೆ ರಾಜರೂ ತಪ್ಪು ಮಾಡುತ್ತಾರೆ. ತೀರ್ಮಾನ ಮತ್ತು ಜಾರಿಯ ನಡುವೆ ಒಂದು ರಾತ್ರಿಯನ್ನು ಕಡ್ಡಾಯ ಮಾಡುವ ನಿಯಮ ಅದರಲ್ಲಿ ಇರಲಿಲ್ಲ ಎಂಬುದೇ ರೋಗ. ಮೈಟಿಲೀನಿಗೆ ಆ ರಾತ್ರಿ ಅದೃಷ್ಟದಿಂದ ಸಿಕ್ಕಿತು. ಆರು ಸೇನಾಧಿಪತಿಗಳಿಗೆ ಸಿಗಲಿಲ್ಲ.

ಶಿರಸಿಯ ಅಕ್ಕೋರು

ಮೂವರಿಗೂ ನಾನು ಋಣಿ. ಎರಡನೆಯ ನೌಕೆಯ ಭಾಗವನ್ನು ಇಂದು ತರಗತಿಯಲ್ಲಿ ಓದಿ ಹೇಳಿದಾಗ ಯಾರೂ ಕಿಟಕಿಯ ಹೊರಗೆ ನೋಡಲಿಲ್ಲ. ಒಂದು ಗೊಂದಲ ಉಳಿದಿದೆ. ಸಿಸಿಲಿಯಲ್ಲಿ ಅಷ್ಟೊಂದು ನೌಕೆಗಳೂ ಜನರೂ ಹೋದ ಮೇಲೆಯೂ ಅಥೆನ್ಸ್ ಇನ್ನೂ ಒಂಬತ್ತು ವರ್ಷ ಹೋರಾಡಿದೆ. ಹಾಗಾದರೆ ಸೋತದ್ದು ಯಾವುದರಿಂದ? ನೆಲದ ಮೇಲಿನ ಯುದ್ಧದಲ್ಲಿ ಪಳಗಿದ ಸ್ಪಾರ್ಟಾಕ್ಕೆ ಕಡಲಿನ ಮೇಲೆ ಗೆಲ್ಲುವ ಶಕ್ತಿ ಎಲ್ಲಿಂದ ಬಂತು? ಜೊತೆಗೆ, ಆ ಹುಡುಗಿ ಇನ್ನೊಂದು ಪ್ರಶ್ನೆ ಕೇಳಿದ್ದಾಳೆ: ಒಂದು ಹಗಲು ಒಂದು ರಾತ್ರಿ ಹಿಂದೆ ಬಿದ್ದವರು ಮುಂದಿನವರನ್ನು ಸಮೀಪಿಸಿದ್ದು ಹೇಗೆ, ಮೊದಲ ನೌಕೆಯವರಿಗೆ ಹುಟ್ಟು ಎಳೆಯಲು ಬರುತ್ತಿರಲಿಲ್ಲವೇ?

ಉತ್ತರ: ಕಾಳಿ ಅಳಿವೆ, ಕಾರವಾರ

ಸ್ಪಾರ್ಟಾದ ಕಡಲಬಲ ಬಂದದ್ದು ಪರ್ಷಿಯದ ಹಣದಿಂದ. ಕ್ರಿ.ಪೂ. 407ರಲ್ಲಿ ಪರ್ಷಿಯದ ರಾಜಕುಮಾರ ಸೈರಸ್ 500 ಟ್ಯಾಲೆಂಟ್ ಹಿಡಿದು ಕರಾವಳಿಗೆ ಬಂದ. ಸ್ಪಾರ್ಟಾದ ನೌಕಾಧಿಪತಿ ಲೈಸಾಂಡರ್ ಅವನ ಔತಣದಲ್ಲಿ ತನಗಾಗಿ ಏನನ್ನೂ ಬೇಡದೆ, ಹುಟ್ಟು ಎಳೆಯುವವರ ದಿನಗೂಲಿಯನ್ನು ಮೂರು ಓಬೊಲ್‌ನಿಂದ ನಾಲ್ಕಕ್ಕೆ ಏರಿಸಿಕೊಡಿ ಎಂದು ಕೇಳಿದ. ಆರು ಓಬೊಲ್ ಒಂದು ದ್ರಾಕ್ಮಾ. ಹಾಗೆ ನೋಡಿದರೆ ಯುದ್ಧದ ಗತಿ ಬದಲಾದದ್ದು ದಿನಕ್ಕೆ ಒಂದು ಓಬೊಲ್‌ನಿಂದ. ಕೂಲಿಗೆ ಬಂದ ನಾವಿಕರು ಹೆಚ್ಚು ಕೊಡುವ ಕಡೆ ಹೋದರು; ಅತ್ತ ಸ್ಪಾರ್ಟನ್ನರು ಕ್ರಿ.ಪೂ. 413ರಲ್ಲಿ ಅಥೆನ್ಸಿನ ಹತ್ತಿರದ ಡೆಕೆಲಿಯಾದಲ್ಲಿ ಠಾಣ್ಯ ಹಾಕಿದಾಗಿನಿಂದ 20,000ಕ್ಕೂ ಹೆಚ್ಚು ಗುಲಾಮರು ಓಡಿಹೋಗಿ ಅಥೆನ್ಸಿನ ಆದಾಯಕ್ಕೆ ದೊಡ್ಡ ಪೆಟ್ಟು ಬಿದ್ದಿತ್ತು. ಸಲಾಮಿಸ್‌ನಲ್ಲಿ ಎಲ್ಲರೂ ಸೇರಿ ಹೊರದಬ್ಬಿದ ಪರ್ಷಿಯವನ್ನು ಈಗ ಸಾಲ ಕೊಡುವ ಸಾಹುಕಾರನಾಗಿ ಒಳಗೆ ಕರೆದರು, ಅದಕ್ಕೆ ಬೆಲೆಯಾಗಿ ಏಷ್ಯಾದ ತೀರದ ಗ್ರೀಕ್ ಊರುಗಳನ್ನು ಬಿಟ್ಟುಕೊಡಲು ಸ್ಪಾರ್ಟಾ ಒಪ್ಪಿತ್ತು.

ಕ್ರಿ.ಪೂ. 405ರಲ್ಲಿ ಕಪ್ಪು ಸಮುದ್ರದ ದಾರಿಯಲ್ಲಿರುವ ಈಗೊಸ್ಪೊಟಾಮಿಯಲ್ಲಿ ಅಥೆನ್ಸಿನ 180 ನೌಕೆಗಳನ್ನು ಮರಳಿಗೆ ಎಳೆದು, ನಾವಿಕರು ಊಟದ ಸಾಮಾನು ತರಲು ಚದುರಿದ್ದಾಗ ಲೈಸಾಂಡರ್ ಬಂದು ಹೆಚ್ಚುಕಡಿಮೆ ಎಲ್ಲವನ್ನೂ ಹಿಡಿದ. ಕಪ್ಪು ಸಮುದ್ರದ ಧಾನ್ಯ ಬರುವ ದಾರಿ ಮುಚ್ಚಿತು, ಊರು ಹಸಿಯಿತು, ಮರುವರ್ಷ ಶರಣಾಯಿತು. ಕೊರಿಂತ್ ಮತ್ತು ಥೀಬ್ಸ್ ಅದನ್ನು ನೆಲಸಮ ಮಾಡಬೇಕೆಂದವು. ಪರ್ಷಿಯದ ವಿರುದ್ಧ ಗ್ರೀಸನ್ನು ಕಾಪಾಡಿದ ಊರನ್ನು ಅಳಿಸಲಾಗದು ಎಂದು ಸ್ಪಾರ್ಟಾ ನಿರಾಕರಿಸಿತು. ಊರನ್ನು ಬಂದರಿಗೆ ಸೇರಿಸುತ್ತಿದ್ದ ಉದ್ದನೆಯ ಗೋಡೆಗಳನ್ನು ಕೊಳಲಿನ ನಾದದ ನಡುವೆ ಕೆಡವಿದರು, 12 ನೌಕೆ ಮಾತ್ರ ಇಟ್ಟುಕೊಳ್ಳಲು ಬಿಟ್ಟರು.

ಉತ್ತರ: ತೋಟದ ಮನೆ, ಸಿದ್ದಾಪುರ

ಗೆದ್ದ ಸ್ಪಾರ್ಟಾ ತನ್ನ ಮೇಲುಗೈಯನ್ನು ಉಳಿಸಿಕೊಂಡದ್ದು 33 ವರ್ಷ ಮಾತ್ರ. ಕ್ರಿ.ಪೂ. 371ರಲ್ಲಿ ಲ್ಯೂಕ್ಟ್ರಾದಲ್ಲಿ ಥೀಬ್ಸಿನ ಎಪಾಮಿನೊಂಡಾಸ್ ಅವರನ್ನು ಮುರಿದಾಗ ರಣರಂಗದಲ್ಲಿದ್ದ ಸ್ಪಾರ್ಟಾದ ಪೂರ್ಣ ನಾಗರಿಕರು ಸುಮಾರು 700, ಸತ್ತವರು 400. ಪರ್ಷಿಯದ ದಾಳಿಯ ಕಾಲದಲ್ಲಿ 8,000 ಇದ್ದ ನಾಗರಿಕ ಗಂಡಸರ ಸಂಖ್ಯೆ ಸಾವಿರದ ಆಸುಪಾಸಿಗೆ ಇಳಿದಿತ್ತು. ಹೊಸಬರನ್ನು ಒಳಗೆ ಸೇರಿಸಿಕೊಳ್ಳುವ ಬುದ್ಧಿ ಅವರಿಗೆ ಇರಲಿಲ್ಲ. ಅಥೆನ್ಸಿಗೂ ಇರಲಿಲ್ಲ ಎನ್ನಿ: ತಂದೆ ತಾಯಿ ಇಬ್ಬರೂ ಅಥೆನ್ಸಿನವರಾದವನಿಗೆ ಮಾತ್ರ ನಾಗರಿಕತ್ವ ಎಂಬ ಕಾನೂನನ್ನು ಕ್ರಿ.ಪೂ. 451ರಲ್ಲಿ ತಂದವನು ಪೆರಿಕ್ಲಿಸನೇ. ಎಪಾಮಿನೊಂಡಾಸ್ ಮೆಸ್ಸೀನಿಯಾಕ್ಕೆ ಹೋಗಿ ಹೆಲಟ್‌ಗಳಿಗೆ ಅವರ ನೆಲವನ್ನು ಮರಳಿ ಕೊಟ್ಟ. ತಲೆಮಾರುಗಳಿಂದ ಹೆದರಿದ್ದು ಕೊನೆಗೆ ಹೀಗೆ ನಡೆಯಿತು.

ಉತ್ತರ: ಕುಮಟೆಯ ವಕೀಲ

ಕಾರವಾರದ ಮಿತ್ರರು ಕ್ರಿ.ಪೂ. 404ಕ್ಕೆ ನಿಲ್ಲಿಸಿದರು, ಅದು ನನಗೆ ಒಪ್ಪಿಗೆಯಿಲ್ಲ. ಸ್ಪಾರ್ಟಾದ ಬೆಂಬಲದಿಂದ ಕೂತ ಮೂವತ್ತು ಮಂದಿ ನಿರಂಕುಶರು ಕೆಲವೇ ತಿಂಗಳಲ್ಲಿ ಸುಮಾರು 1,500 ಜನರನ್ನು ಕೊಂದರು. ಮರುವರ್ಷ ಪ್ರಜಾಪ್ರಭುತ್ವದ ಪಕ್ಷದವರು ಹೋರಾಡಿ ಊರಿಗೆ ಮರಳಿದಾಗ ಸೇಡಿನ ಕೊಲೆಗಳು ನಡೆಯಬೇಕಿತ್ತು. ಅದರ ಬದಲು ಹಳೆಯ ದ್ವೇಷವನ್ನು ಎತ್ತಿ ಮೊಕದ್ದಮೆ ಹೂಡುವುದಿಲ್ಲ ಎಂದು ಎರಡೂ ಕಡೆಯವರು ಪ್ರಮಾಣ ಮಾಡಿದರು. ಆ ಮೂವತ್ತು ಮಂದಿ ಮತ್ತು ಅವರ ಕೆಲವು ಅಧಿಕಾರಿಗಳಿಗೆ ಮಾತ್ರ ವಿನಾಯಿತಿ ಇರಲಿಲ್ಲ. ಅದೇ ಕಾಲಕ್ಕೆ ಕಾನೂನುಗಳನ್ನು ಪರಿಷ್ಕರಿಸಿ, ಸಭೆಯ ಅಂದಂದಿನ ಠರಾವು ಕಾನೂನನ್ನು ಮೀರಲಾಗದು ಎಂದೂ ನಿಯಮ ಮಾಡಿದರು. ನಾನು ಮೇಲೆ ಹೇಳಿದ ರೋಗಕ್ಕೆ ಅವರೇ ಕಂಡುಕೊಂಡ ಮದ್ದು ಅದು. ಸಾಕ್ರಟೀಸನನ್ನು ಕ್ರಿ.ಪೂ. 399ರಲ್ಲಿ ಅದು ಉಳಿಸಲಿಲ್ಲ ಎಂದು ನೀವು ಹೇಳುವಿರಿ, ನಾನು ಒಪ್ಪುತ್ತೇನೆ. ಆದರೆ ಆ ವ್ಯವಸ್ಥೆ ಮತ್ತೆ ಸುಮಾರು ಎಂಬತ್ತು ವರ್ಷ ನಡೆಯಿತು, ಕ್ರಿ.ಪೂ. 338ರಲ್ಲಿ ಕೈರೋನಿಯಾದಲ್ಲಿ ಮ್ಯಾಸಿಡೋನಿಯಾದ ಫಿಲಿಪ್ ಗೆದ್ದ ಮೇಲೂ ಸಭೆ ಸೇರುತ್ತಲೇ ಇತ್ತು.

ಉತ್ತರ: ಕಾಳಿ ಅಳಿವೆ, ಕಾರವಾರ

ವಕೀಲರೇ, ಒಪ್ಪಿದೆ. ಹುಡುಗಿಯ ಪ್ರಶ್ನೆಗೆ ಉತ್ತರ ಹೇಳುವುದನ್ನು ಮರೆತಿದ್ದೆ. ಅಥೆನ್ಸಿನ ಪಿರಿಯಸ್ ಬಂದರಿನಿಂದ ಮೈಟಿಲೀನಿಗೆ ಸುಮಾರು 340 ಕಿಲೋಮೀಟರ್. 1987ರಲ್ಲಿ ಗ್ರೀಸ್ ಅದೇ ಮಾದರಿಯ ನೌಕೆಯನ್ನು ಒಲಿಂಪಿಯಾಸ್ ಎಂಬ ಹೆಸರಿನಲ್ಲಿ ಕಟ್ಟಿ ನೀರಿಗೆ ಇಳಿಸಿದಾಗ, 170 ಸ್ವಯಂಸೇವಕರು ಸ್ವಲ್ಪ ಹೊತ್ತಿನ ಮಟ್ಟಿಗೆ ಗಂಟೆಗೆ ಒಂಬತ್ತು ನಾಟಿಕಲ್ ಮೈಲಿಯ ವೇಗವನ್ನು ಮುಟ್ಟಿದ್ದರು; ಆದರೆ ಆ ವೇಗವನ್ನು ದಿನವಿಡೀ ಹಿಡಿಯುವುದು ಮನುಷ್ಯರಿಂದ ಆಗುವುದಲ್ಲ. ನಿಲ್ಲದೆ ಎಳೆದದ್ದೇ ಎರಡನೆಯವರ ಗುಟ್ಟು. ಇನ್ನು ಮೊದಲನೆಯವರಿಗೆ ಹುಟ್ಟು ಎಳೆಯಲು ಚೆನ್ನಾಗಿಯೇ ಬರುತ್ತಿತ್ತು. ಹೊತ್ತು ಹೊರಟ ಕೆಲಸ ಅಸಹ್ಯವಾದದ್ದೆಂದು ಅವರು ಅವಸರ ಮಾಡಲಿಲ್ಲ ಎಂದು ಥುಸಿಡಿಡೀಸ್ ಬರೆದಿದ್ದಾನೆ.